ಸುದ್ದಿ ಬಾರದ ಪೆಟ್ಟಿಗೆಗಳು

ಆಗಸ್ಟ್ ಮೂರನೇ ವಾರ ಮಳೆ ಎರಡು ದಿನ ಬಿಡುವು ಕೊಟ್ಟಾಗ ಚೆಟ್ಟಿಮಾನಿಯಿಂದ ಸೋಮಯ್ಯ ಶಾಂಭವಿಗೆ ಫೋನ್ ಮಾಡಿದರು. "ಮೇಡಂ, ಪುರುಸೊತ್ತಾದರೆ ಒಮ್ಮೆ ಬನ್ನಿ. ಕಮಲಳ ಪೆಟ್ಟಿಗೆಗಳ ಬಾಯಲ್ಲಿ ಒಂದು ಜೇನುಹುಳವೂ ಕಾಣ್ತಿಲ್ಲ" ಎಂದರು. ಬೈಯಲೂ ಇಲ್ಲ, ಹೀಗೇಕಾಯಿತೆಂದು ಕೇಳಲೂ ಇಲ್ಲ.

ಶಾಂಭವಿ ಗೋಣಿಕೊಪ್ಪಲಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಸೋಮಯ್ಯನ ಪರಿಚಯವಾದದ್ದು ಹಿಂದಿನ ವರ್ಷ, ಜೇನು ಸಾಕುವವರ ಸಭೆಯಲ್ಲಿ. ಅವರ ಹೆಂಡತಿ ಕಮಲ ತೀರಿಕೊಂಡು ಆಗಿನ್ನೂ ಆರು ತಿಂಗಳು. ಮನೆಯಲ್ಲಿದ್ದ ಒಂಬತ್ತು ಪೆಟ್ಟಿಗೆಗಳಲ್ಲಿ ನಾಲ್ಕು ಕಮಲಳವು. ಮದುವೆಯಾದ ಹೊಸತರಲ್ಲಿ ಮರದ ಪೊಟರೆಯಿಂದ ಆಕೆಯೇ ಹಿಡಿದು ತಂದ ತುಡುವೆ ಜೇನಿನ ಒಂದು ಕುಟುಂಬ, ವರ್ಷವರ್ಷ ಪಾಲಾಗಿ ನಾಲ್ಕಾಗಿತ್ತು. "ಅವನ್ನು ಹೇಗಾದರೂ ಉಳಿಸಿಕೊಳ್ಳಬೇಕು ಮೇಡಂ" ಎಂದಿದ್ದರು ಸೋಮಯ್ಯ.

ಶಾಂಭವಿ ನಾಲ್ಕಕ್ಕೂ ಒಂದೊಂದು ಪುಟ್ಟ ಯಂತ್ರ ಕೂರಿಸಿದಳು. ಬಟನ್ ಸೆಲ್ ಹಾಕಿದ, ವೈರಿಲ್ಲದ ಬಿಲ್ಲೆ. ಪೆಟ್ಟಿಗೆಯೊಳಗಿನ ಬಿಸಿ ಅಳೆದು ಸೋಮಯ್ಯನ ಫೋನಿಗೆ ತಿಳಿಸುವುದು ಅದರ ಕೆಲಸ. ಜೇನು ಚೆನ್ನಾಗಿದ್ದರೆ ಒಳಗೆ ಮೂವತ್ತನಾಲ್ಕು ಡಿಗ್ರಿ ಇರುತ್ತದೆ, ಮಳೆಗಾಲದಲ್ಲಿ ಹೂವಿಲ್ಲದೆ ಹಸಿವಿನಿಂದ ಸೊರಗಿದರೆ ಇಳಿಯುತ್ತದೆ. ಇಳಿದಾಗ ಸಕ್ಕರೆ ಪಾಕ ಇಟ್ಟರಾಯಿತು.

ಮೊದಲು ಹತ್ತು ನಿಮಿಷಕ್ಕೊಮ್ಮೆ ಸುದ್ದಿ ಬರುತ್ತಿತ್ತು, ಮೂರು ವಾರಕ್ಕೆ ಸೆಲ್ ಮುಗಿಯಿತು. ಸೆಲ್ ಬದಲಿಸಲು ಪೆಟ್ಟಿಗೆ ತೆರೆಯಬೇಕು. ಮಳೆಗಾಲದಲ್ಲಿ ಪದೇ ಪದೇ ತೆರೆದರೆ ಒಳಗಿನ ಬಿಸಿ ಆರಿ ಮರಿಗಳು ಸಾಯುತ್ತವೆ. ಆದ್ದರಿಂದ ಏಪ್ರಿಲ್ ತಿಂಗಳಿಡೀ ಕೂತು ಅವಳು ಪ್ರೋಗ್ರಾಂ ತಿದ್ದಿದಳು. ಸುದ್ದಿ ಕಳಿಸುವುದಕ್ಕೇ ಹೆಚ್ಚು ಶಕ್ತಿ ಖರ್ಚಾಗುತ್ತಿತ್ತು. ಇನ್ನು ಮೇಲೆ ಬಿಲ್ಲೆ ಗಂಟೆಗೊಮ್ಮೆ ಎದ್ದು ಅಳೆಯುವುದು, ಒಂದು ಡಿಗ್ರಿ ವ್ಯತ್ಯಾಸ ಕಂಡರೆ ಮಾತ್ರ ಕಳಿಸುವುದು, ಇಲ್ಲವಾದರೆ ಮತ್ತೆ ಮಲಗುವುದು. ಸೆಲ್ ವರ್ಷ ಬಾಳುವಂತಾಯಿತು.

"ಇನ್ನು ತೆರೆದು ನೋಡಬೇಡಿ ಸೋಮಣ್ಣ. ಫೋನಿಗೆ ಏನೂ ಬರಲಿಲ್ಲವೆಂದರೆ ಎಲ್ಲಾ ಸರಿ ಇದೆ ಅಂತ ಅರ್ಥ" ಎಂದು ಹೇಳಿದ್ದಳು.

ಅವರು ಆ ಮಾತನ್ನು ಅಕ್ಷರಶಃ ಪಾಲಿಸಿದ್ದರು. ತಮ್ಮ ಐದು ಪೆಟ್ಟಿಗೆಗಳನ್ನು ಹಳೆಯ ರೂಢಿಯಂತೆ ವಾರಕ್ಕೊಮ್ಮೆ ಇಣುಕಿ ನೋಡಿ ಪಾಕ ಇಟ್ಟಿದ್ದರು. ಕಮಲಳ ನಾಲ್ಕನ್ನು ಮುಟ್ಟಿರಲಿಲ್ಲ.

ಶಾಂಭವಿ ಹೋದಾಗ ಮೂರು ಪೆಟ್ಟಿಗೆಗಳಲ್ಲಿ ಬರೀ ಒಣಗಿದ ಮೇಣದ ಎರಿ, ತಳದಲ್ಲಿ ಸತ್ತ ಹುಳಗಳ ರಾಶಿ. ನಾಲ್ಕನೆಯದರಲ್ಲಿ ಒಂದು ಹಿಡಿ ಜೇನು ರಾಣಿಯ ಸುತ್ತ ಮುದುಡಿ ಕೂತಿದ್ದವು. ಅವಳು ಲ್ಯಾಪ್‌ಟಾಪ್ ತೆರೆದು ಬಿಲ್ಲೆಗಳಲ್ಲಿ ಉಳಿದಿದ್ದ ಅಳತೆಗಳನ್ನು ಓದಿದಳು. ಮೂವತ್ತನಾಲ್ಕು, ಮೂವತ್ತಮೂರೂವರೆ, ಮೂವತ್ತಮೂರು. ಆರು ವಾರಗಳಲ್ಲಿ ಇಪ್ಪತ್ತೆರಡಕ್ಕೆ ಇಳಿದಿತ್ತು. ಸೆಲ್‌ಗಳು ಮಾತ್ರ ಹೊಸವುಗಳಂತೆ ಇದ್ದವು.

ತಪ್ಪು ಒಂದೇ ಸಾಲಿನಲ್ಲಿತ್ತು. ಹೊಸ ಅಳತೆಯನ್ನು ತಾನು ಕೊನೆಯ ಸಲ ಕಳಿಸಿದ ಅಳತೆಯ ಜೊತೆ ಹೋಲಿಸಬೇಕಿದ್ದ ಯಂತ್ರ, ಒಂದು ಗಂಟೆ ಹಿಂದಿನದರ ಜೊತೆ ಹೋಲಿಸುತ್ತಿತ್ತು. ಗಂಟೆಯಿಂದ ಗಂಟೆಗೆ ಒಂದು ಡಿಗ್ರಿ ಎಂದೂ ಇಳಿಯಲಿಲ್ಲ, ಸುದ್ದಿಯೂ ಹೋಗಲಿಲ್ಲ.

ಹೇಳದೆ ಹೊರಟುಬಿಡಬಹುದಿತ್ತು. ಸೋಮಯ್ಯನಿಗೆ ಅದು ಎಂದೂ ತಿಳಿಯುತ್ತಿರಲಿಲ್ಲ. ಅವಳು ಜಗಲಿಯ ಮೇಲೆ ಕೂತು, ಕಾಫಿ ಆರಲು ಬಿಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದಳು. "ನನ್ನ ತಪ್ಪು ಸೋಮಣ್ಣ. ನೀವು ನಿಮ್ಮ ಪಾಡಿಗೆ ನೋಡ್ಕೊಂಡಿದ್ದರೆ ಅವು ಬದುಕ್ತಿದ್ದವು."

ಅವರು "ಹೌದು, ಬದುಕ್ತಿದ್ದವು" ಎಂದರು. ಆಮೇಲೆ ಹೇಳಿದರು: "ಕಮಲಳನ್ನೂ ನಾನು ದಿನಾ ನೋಡ್ತಿದ್ದೆ. ನಿನ್ನೆಗಿಂತ ಇವತ್ತು ಸೊರಗಿದ್ದಾಳೆ ಅಂತ ಒಂದು ದಿನವೂ ಅನ್ನಿಸ್ಲಿಲ್ಲ. ಮಡಿಕೇರಿ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ತಡವಾಗಿತ್ತು."

ಶಾಂಭವಿಗೆ ಸಮಾಧಾನವಾಗಲಿಲ್ಲ. ಅವರು ಸಮಾಧಾನಕ್ಕೆಂದು ಹೇಳಿದ್ದೂ ಅಲ್ಲ.

ಸಂಜೆ ಉಳಿದ ಹಿಡಿ ಜೇನನ್ನು ಸೋಮಯ್ಯನ ಐದರಲ್ಲೊಂದು ಪೆಟ್ಟಿಗೆಗೆ ಸೇರಿಸಲು ಎದ್ದರು. ಒಂದು ಪೆಟ್ಟಿಗೆಯಲ್ಲಿ ಎರಡು ರಾಣಿ ಇರುವಂತಿಲ್ಲ.

"ಆ ಪೆಟ್ಟಿಗೆಯ ರಾಣಿ ತೆಗೆದು ಇದನ್ನೇ ಉಳಿಸೋಕಾಗಲ್ವಾ?" ಎಂದು ಅವಳು ಕೇಳಿದಳು.

"ಇದು ಮೊಟ್ಟೆ ಇಡೋದು ನಿಲ್ಲಿಸಿದೆ. ಇದನ್ನು ಇಟ್ಟರೆ ಅವೂ ಹಾಳಾಗ್ತವೆ."

ಅವರು ಎರಿಯ ಮೇಲಿಂದ ರಾಣಿಯನ್ನು ಮೆಲ್ಲಗೆ ಎತ್ತಿ, ಅಂಗೈಯಲ್ಲಿ ಒಂದು ಕ್ಷಣ ಬಿಟ್ಟುಕೊಂಡು, ಬೆರಳುಗಳ ನಡುವೆ ಹೊಸಕಿದರು. ಹುಳಗಳು ಕಾದಾಡದೆ, ಕಾಗದ ಕಡಿದು ನಿಧಾನವಾಗಿ ಬೆರೆಯಲೆಂದು ಎರಡು ಪೆಟ್ಟಿಗೆಗಳ ನಡುವೆ ಹಾಸಲು ಶಾಂಭವಿ ಹಳೆಯ ಪೇಪರಿನ ಹಾಳೆ ಹಿಡಿದು ನಿಂತಿದ್ದಳು. "ಕೊಡಿ ಮೇಡಂ" ಎಂದು ಅವರು ಕೈ ಚಾಚಿದರು.