ಉಡಿ ಸಾಲು

ಎರಡನೆಯ ಗೆರೆ ಮೂಡಲು ನಾಲ್ಕು ನಿಮಿಷ ಹಿಡಿಯಿತು.

ಕುಂಚಾವರಂ ಬದಿಯ ಆ ಮೂರು ಎಕರೆಯಲ್ಲಿ ಹತ್ತಿ ಮೊಣಕಾಲೆತ್ತರ ಬಂದಿತ್ತು. ಇನ್ನೂ ಮೊಗ್ಗು ಹಿಡಿದಿರಲಿಲ್ಲ. ಕೃಷಿ ಇಲಾಖೆಯ ಸುಜಾತಾ ಬದುವಿನಿಂದ ಇಳಿದವಳೇ ಕೈಗೆ ಸಿಕ್ಕ ಗಿಡದ ಎಲೆ ಕಿತ್ತು, ಪುಟ್ಟ ನಳಿಕೆಯಲ್ಲಿ ಅರೆದು, ಕಾಗದದ ಪಟ್ಟಿ ಅದ್ದಿದ್ದಳು. ಒಂದೇ ಗೆರೆ ಬಂದರೆ ಚಿಂತೆಯಿಲ್ಲ. ಎರಡು ಬಂದರೆ ಅದು ಕಳೆನಾಶಕಕ್ಕೂ ಸಾಯದಂತೆ ಕುಲಾಂತರಿಸಿದ ಹತ್ತಿ. ಕಾಯಿಕೊರಕ ತಡೆಯುವ ಬಿಟಿ ಹತ್ತಿಗೆ ಸರ್ಕಾರದ ಒಪ್ಪಿಗೆ ಇದೆ, ಇದಕ್ಕಿಲ್ಲ.

"ಹೊಲ ಪೂರಾ ಕೀಳಿಸಬೇಕಾಗ್ತದ, ಮಾಣಿಕಮ್ಮ."

ಹೊಲದೊಡತಿ ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ. "ನೀವು ಹರದಿದ್ದು ಉಡಿ ಸಾಲಿನ ಎಲಿ, ಮೇಡಮ್."

"ಉಡಿ ಸಾಲು ಅಂದ್ರ?"

"ಬಿತ್ತೋ ದಿನ ಒಬ್ಬಾಕಿ ಬಂದು ನನ್ನ ಉಡಿಯೊಳಗ ಒಂದ್ ಬೊಗಸಿ ಬೀಜ ಹಾಕ್ತಾಳ. ಮೊದಲನೇ ಸಾಲಿಗಿ ಅವನ್ನೇ ಊರಬೇಕು. ಉಳಿದಿದ್ದು ನನ್ನ ಪಾಕೀಟಿನ ಬೀಜ."

"ಹಾಕಿದಾಕಿ ಯಾರು?"

"ಅದನ್ನ ಹೇಳಂಗಿಲ್ರಿ. ಉಡಿ ತುಂಬಿದಾಕಿನ್ನೇ ಕಚೇರಿಗಿ ಒಪ್ಪಿಸಿದ್ರ, ಬರೋ ವರ್ಷ ನೀವು ಬಂದು ತುಂಬ್ತೀರೇನು?"

ಸುಜಾತಾಗೆ ನಗು ಬಂತು. ಆದರೂ ನಂಬಿಕೆ ಬರಲಿಲ್ಲ. ಕಿಟ್ಟಿನಲ್ಲಿ ಐದು ಪಟ್ಟಿ ಉಳಿದಿದ್ದವು. ಎರಡನೆಯ ಸಾಲು, ಹತ್ತನೆಯದು, ನಡುಹೊಲ, ಆಚೆಯ ಅಂಚು: ನಾಲ್ಕು ಕಡೆಯ ಎಲೆ ತಂದು ಬದುವಿನ ಮೇಲೆ ಸಾಲಾಗಿಟ್ಟು ಪಟ್ಟಿ ಅದ್ದಿದಳು. ಮಾಣಿಕಮ್ಮ ಮೊಣಕಾಲೂರಿ ಕುಳಿತಳು. ನಾಲ್ಕು ನಿಮಿಷ ಕಳೆಯಿತು. ಹತ್ತು ನಿಮಿಷವಾಯಿತು. ನಾಲ್ಕರಲ್ಲೂ ಒಂದೊಂದೇ ಗೆರೆ.

ಐದನೆಯದನ್ನು ಮತ್ತೆ ಮೊದಲ ಸಾಲಿನ ಎಲೆಗೆ ಅದ್ದಿದಳು. ನೀರು ಮೆಲ್ಲನೆ ಏರಿತು. ಮೊದಲ ಗೆರೆಯ ಕೆಳಗೆ, ಏನೂ ಇಲ್ಲದ ಬಿಳಿಯಲ್ಲಿ, ಇನ್ನೊಂದು ಕೆಂಪು ಗೆರೆ ತಾನಾಗಿ ಬಂದು ನಿಂತಿತು.

ಮಾಣಿಕಮ್ಮ ಮೊದಲೆರಡು ಸಾಲಿನಿಂದ ಒಂದೊಂದು ಎಲೆ ಕಿತ್ತು ಅಂಗೈಯಲ್ಲಿಟ್ಟು ಹಿಡಿದಳು. ಅದೇ ಹಸಿರು, ಅದೇ ನರ, ಅದೇ ನುಣ್ಣನೆಯ ರೋಮ. "ನಲವತ್ತು ವರ್ಷದಿಂದ ಹತ್ತಿ ಹಾಕ್ತೀನಿ. ಇದರಾಗ ಯಾವುದು ಯಾವುದು, ಹೇಳ್ರಿ."

ಸುಜಾತಾ ಬಹಳ ಹೊತ್ತು ನೋಡಿದಳು. "ನಂಗೂ ಗೊತ್ತಾಗವಲ್ದು."



ಸುಜಾತಾ ವರದಿಯಲ್ಲಿ ಬರೆದಳು: ಒಂದು ಸಾಲು, ಕಿತ್ತು ಹೂಳತಕ್ಕದ್ದು. ಬೀಜ ಕೊಟ್ಟವರ ಹೆಸರಿನ ಜಾಗದಲ್ಲಿ 'ತಿಳಿಸಿಲ್ಲ' ಎಂದಳು.

"ಕಿತ್ತಿದ್ದನ್ನ ಆಡಿಗೂ ಹಾಕಬ್ಯಾಡ್ರಿ, ಮಾಣಿಕಮ್ಮ."

"ಇಲ್ರಿ."

ಮಾಣಿಕಮ್ಮ ಸೆರಗು ಸಿಕ್ಕಿಸಿ ಬಗ್ಗಿದಳು. ಎರಡನೆಯ ಸಾಲಿನ ಗಿಡಗಳಿಗೆ ಕಾಲು ತಾಗದ ಹಾಗೆ, ಉಡಿಯ ಬೀಜದ ಗಿಡಗಳನ್ನು ಒಂದೊಂದಾಗಿ, ಬೇರು ಹರಿಯದಂತೆ ಕಿತ್ತಳು.