ಮೆತ್ತಗೆ ಮಾಡಿಸಿದ ಕಾರು

ಬಾನೆಟ್ ಎತ್ತಿ ಬಗ್ಗಿ ನೋಡಿದ ಕತ್ಸುಮಿ ಒಂದು ಗಳಿಗೆ ಹಾಗೇ ನಿಂತ. ಎಡಗಡೆ ಶಾಕ್ ಅಬ್ಸಾರ್ಬರಿನ ತಲೆಯ ಮೇಲಿದ್ದ ಚಿಕ್ಕ ತಿರುಪನ್ನು ಬೆರಳಿನಿಂದ ಸಡಿಲಿಸಲು ಹೋದರೆ ಅದು ಅಲುಗಾಡಲಿಲ್ಲ. ಗಾಡಿಯನ್ನು ಮೆತ್ತಗೆ ಮಾಡುವ ಕಡೆಗೆ ಅದನ್ನು ಕೊನೆಯ ತನಕ ತಿರುಗಿಸಿಬಿಟ್ಟಿದ್ದರು. ಬಲಗಡೆಯದೂ ಹಾಗೆಯೇ ಇತ್ತು.

"ಈ ಕಾರನ್ನ ಹೀಗೆ ಯಾರಾದ್ರೂ ಓಡಿಸ್ತಾರಾ" ಎಂದ, ತಲೆ ಎತ್ತದೆ. "ಒಂದು ತಿರುವಿಗೆ ಪಲ್ಟಿ ಹೊಡೆಯುತ್ತೆ."

ಬಾಗಿಲ ಹತ್ತಿರ, ಸೀಮೆಎಣ್ಣೆ ಒಲೆಯ ಪಕ್ಕ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ ಹಿಸನೋರಿ ಒಲೆಯ ಕಡೆ ಕೈ ಚಾಚಿದ. ಹಿಸನೋರಿ ಅವನ ಭಾವ, ಅಕ್ಕ ಮಿತ್ಸುಯೊಳ ಗಂಡ. ಅಕ್ಕ ತೀರಿಕೊಂಡದ್ದು ಆಗಸ್ಟಿನಲ್ಲಿ. ಈಗ ನವೆಂಬರು, ಗ್ಯಾರೇಜಿನ ಹಿಂದಿನ ಗದ್ದೆಗಳೆಲ್ಲ ಕೊಯ್ಲಾಗಿ ಬೋಳಾಗಿದ್ದವು. ಸುಡುಗಾಡಿನಿಂದ ಬಂದ ಮೇಲೆ ಇಬ್ಬರೂ ಮಾತಾಡಿರಲಿಲ್ಲ. ನಲವತ್ತೊಂಬತ್ತನೆಯ ದಿನದ ಪೂಜೆಗೆ ಹೋಗಿದ್ದ ಕತ್ಸುಮಿ ಧೂಪ ಹಾಕಿ, ಊಟಕ್ಕೆ ಕೂರದೆ ಎದ್ದು ಬಂದಿದ್ದ.

ಬೆಳಿಗ್ಗೆ ಫೋನು ತೆಗೆದುಕೊಂಡವಳು ಅವನ ಹೆಂಡತಿ ಯಾಯೊಯಿ. "ನಿಮ್ಮ ಭಾವ ಕಾರು ತರ್ತಾರಂತೆ. ಏಪ್ರಿಲ್‌ನಲ್ಲಿ ನೀವು ಬಿಚ್ಚಿ ಕೊಟ್ರಲ್ಲ, ಆ ಕ್ಯಾಂಬರ್ ಪ್ಲೇಟು, ಅದನ್ನ ವಾಪಸ್ ಹಾಕಬೇಕಂತೆ" ಎಂದಿದ್ದಳು.

"ಊರಲ್ಲಿ ಬೇರೆ ಗ್ಯಾರೇಜ್ ಇಲ್ವಾ ಅವರಿಗೆ?"

"ಅದನ್ನ ನೀವೇ ಅವರ ಮುಖ ನೋಡಿ ಕೇಳಿ. ನಾನಂತೂ ಬನ್ನಿ ಅಂದಿದೀನಿ."

"ಕೇಳ್ತೀನಿ. ಇದೊಂದು ಕೆಲಸ ಮಾಡ್ಕೊಟ್ಟು, ಇನ್ಮೇಲೆ ಈ ಕಡೆ ಬರಬೇಡಿ ಅಂತ ಹೇಳ್ತೀನಿ."

ಯಾಯೊಯಿ ಮೂಲಂಗಿ ಹೆಚ್ಚಲು ಅಡುಗೆಮನೆಗೆ ಹೋಗಿದ್ದಳು.

ಭಾವ ತಂದ ಪ್ಲೇಟುಗಳು ಈಗ ಬೆಂಚಿನ ಮೇಲೆ ಹಳೆಯ ಪತ್ರಿಕೆಯ ಹಾಳೆಯ ಮೇಲಿದ್ದವು. ಅಂಗೈಯಗಲದ ಲೋಹದ ತಟ್ಟೆಗಳು, ನಡುವೆ ಉಕ್ಕಿನ ಗುಂಡು, ಅಂಚಿನಲ್ಲಿ ಅಳತೆಯ ಗೀಟುಗಳು. ಸ್ಪ್ರಿಂಗಿನ ತಲೆಯನ್ನು ಈ ಗೀಟುಗಳ ಗುಂಟ ಒಳಕ್ಕೆ ಜರುಗಿಸಿದಷ್ಟೂ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ತಿರುವಿನಲ್ಲಿ ಟೈರು ರಸ್ತೆಯನ್ನು ಬಿಡದೆ ಹಿಡಿಯುತ್ತದೆ. ಕಂಪನಿಯವರು ಹಾಕಿ ಕೊಡುವ ದಪ್ಪ ರಬ್ಬರ್ ಬುಷ್ಷಿನ ಜಾಗದಲ್ಲಿ ಇದು ಕೂರುವುದರಿಂದ ಗಾಡಿ ಗಡುಸಾಗುತ್ತದೆ. ದಾರಿಯ ಪ್ರತಿಯೊಂದು ಕಲ್ಲೂ ಕೂತವರಿಗೆ ತಿಳಿಯುತ್ತದೆ.

ಭಾವನಿಗೆ ಅದೇ ಇಷ್ಟವಾಗಿತ್ತು. ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟರಾಗಿದ್ದ ಮನುಷ್ಯ, ವಾರವೆಲ್ಲ ಹುಡುಗ ಹುಡುಗಿಯರ ಪಕ್ಕ ಕೂತು "ನಿಧಾನ, ನಿಧಾನ" ಎಂದು ಹೇಳಿ ಹೇಳಿ, ಭಾನುವಾರ ಬಂತೆಂದರೆ ಈ ನೀಲಿ ಇಂಪ್ರೆಝಾ ಕಾರು ತೆಗೆದು ಸುಕುಬಾದ ರೇಸ್ ಟ್ರ್ಯಾಕಿಗೆ ಹೋಗುತ್ತಿದ್ದ. ಅಲ್ಲಿ ಜಾಗ ಸಿಗದ ವಾರ ಬೆಟ್ಟದ ರಸ್ತೆ. ಪಕ್ಕದಲ್ಲಿ ಅಕ್ಕ. ಬೇರೆಯವರ ಹೆಂಡತಿಯರು ಕಣ್ಣು ಮುಚ್ಚಿ ಕೂರುವ ತಿರುವುಗಳಲ್ಲಿ ಅಕ್ಕ "ಅಷ್ಟೇನಾ?" ಎಂದು ಗಂಡನನ್ನು ಕೆಣಕುತ್ತಿದ್ದಳು.

ಏಪ್ರಿಲ್‌ನಲ್ಲಿ ಅವರಿಬ್ಬರೂ ಇದೇ ಗ್ಯಾರೇಜಿಗೆ ಬಂದಿದ್ದರು. ಪ್ಲೇಟು ತೆಗೆದು ರಬ್ಬರ್ ಬುಷ್ಷೇ ಹಾಕಿಬಿಡು, ನನಗೂ ವಯಸ್ಸಾಯಿತು, ಸೊಂಟ ಹಿಡಿಯುತ್ತದೆ ಎಂದು ಭಾವ ಹೇಳಿದಾಗ ಕತ್ಸುಮಿಗೆ ನಗು ತಡೆಯಲಾಗಲಿಲ್ಲ.

"ಮುದುಕರಾಗ್ಬಿಟ್ರಾ ಭಾವ? ಜೊತೆಗೆ ಒಂದು ಹಾಸಿಗೆನೂ ಹಾಸಿ ಕೊಡ್ಲಾ ಒಳಗೆ?"

"ಹಾಸು" ಎಂದಿದ್ದಳು ಅಕ್ಕ, ಕಾರಿನಿಂದ ಇಳಿಯದೆ, ಕಿಟಕಿಯ ಮೇಲೆ ಕೈಯಿಟ್ಟು. "ನಾನು ಮಲಕ್ಕೊಂಡೇ ಹೋಗ್ತೀನಿ."

"ನೀನೊಬ್ಬಳು ಸೋಮಾರಿ. ಇಳಿದು ಒಳಗೆ ಬಂದು ಒಂದು ಲೋಟ ಟೀ ಕುಡಿಯೋಕೂ ಆಗಲ್ವಾ? ಅಷ್ಟು ದಪ್ಪ ಆಗಿದೀಯಾ?"

ಅಕ್ಕ ಗಟ್ಟಿಯಾಗಿ ನಕ್ಕಿದ್ದಳು. ಯಾಯೊಯಿ ಟೀಯನ್ನು ಕಾರಿನ ಬಳಿಗೇ ಒಯ್ದು ಕೊಟ್ಟಿದ್ದಳು. ಅವಳು ಒಳಗೆ ಕೂತಿದ್ದಂತೆಯೇ ಕಾರಿನ ಮುಂಭಾಗವನ್ನಷ್ಟೇ ಎತ್ತಿ ಕತ್ಸುಮಿ ಕೆಲಸ ಮುಗಿಸಿದ್ದ. ಇಬ್ಬರೂ ಅಂದು ಸಂಜೆಯ ತನಕ ಇದ್ದು, ಕಾರಿನಲ್ಲಿ ಒಂದು ಸುತ್ತು ಹೋಗಿ ನೋಡಿ, ಚೆನ್ನಾಗಾಯಿತು ಎಂದು ಹೇಳಿ ಹೊರಟಿದ್ದರು.

ಮತ್ತೆ ಜುಲೈ ಕೊನೆಗೆ ಫೋನು ಬಂತು. ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು. ಕತ್ಸುಮಿ ಹೋಗಿ ನೋಡುವ ಹೊತ್ತಿಗೆ ಅಕ್ಕ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಸುಟ್ಟ ಮೇಲೆ ಮೂಳೆ ಆರಿಸುವ ಹೊತ್ತಿನಲ್ಲಿ ಸಂಬಂಧಿಕರು ಇಬ್ಬಿಬ್ಬರಾಗಿ ಮುಂದೆ ಬಂದು, ಒಂದೊಂದು ಮೂಳೆಯನ್ನು ಇಬ್ಬರೂ ಕಡ್ಡಿಯಿಂದ ಹಿಡಿದು ಮಡಕೆಗೆ ಹಾಕಬೇಕಿತ್ತು. ಸೊಂಟದ ಕಡೆಯ ಮೂಳೆಗಳು ಕಡ್ಡಿ ತಾಗಿದರೆ ಹಿಟ್ಟಾಗುತ್ತಿದ್ದವು. ಬಿಳಿಯ ಕೈಗವಸು ತೊಟ್ಟ ಅಲ್ಲಿನ ಕೆಲಸದವನು ತಗ್ಗಿದ ದನಿಯಲ್ಲಿ, "ಕಾಯಿಲೆ ಮೂಳೆಗೆ ಇಳಿದು ತುಂಬ ದಿನ ಆಗಿದ್ರೆ ಹೀಗಾಗುತ್ತೆ" ಎಂದ. ಕತ್ಸುಮಿ ಎದುರಿಗಿದ್ದ ಭಾವನನ್ನು ನೋಡಿದ.

"ಯಾವಾಗಿಂದ ಗೊತ್ತಿತ್ತು ನಿಮಗೆ?"

"ಚಳಿಗಾಲದಿಂದ."

ಕತ್ಸುಮಿ ಕಡ್ಡಿಗಳನ್ನು ತಟ್ಟೆಯ ಮೇಲಿಟ್ಟು ಹೊರಗೆ ಬಂದುಬಿಟ್ಟಿದ್ದ. ಅವನ ಜಾಗದಲ್ಲಿ ಯಾಯೊಯಿ ನಿಂತು ಮುಗಿಸಿದಳು.

ಈಗ ಅವನು ಕಾರನ್ನು ಮೇಲೆತ್ತಿ ಮುಂದಿನ ಚಕ್ರಗಳನ್ನು ಬಿಚ್ಚಿದ. ಟೈರನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು. ಗಾಳಿ ಅರ್ಧಕ್ಕರ್ಧ ಇಳಿದಿತ್ತು. ತೂತೇನೂ ಇರಲಿಲ್ಲ. ನಾಲ್ಕರದ್ದೂ ಅಷ್ಟೇ, ಬೇಕೆಂದೇ ಇಳಿಸಿದಂತೆ ಸಮನಾಗಿತ್ತು. ಡ್ರೈವಿಂಗ್ ಕಲಿಸಿ ಕೂದಲು ಬೆಳ್ಳಗಾದ ಮನುಷ್ಯ ಇಂಥ ಕೆಲಸ ಯಾಕೆ ಮಾಡಿದ ಎಂದು ಅವನಿಗೆ ಅರ್ಥವಾಗಲಿಲ್ಲ. ಸ್ಟೇರಿಂಗ್ ನೇರ ಮಾಡಲೆಂದು ಬಾಗಿಲು ತೆಗೆದ.

ಪಕ್ಕದ ಸೀಟು ಬದಲಾಗಿತ್ತು. ಮೈಯನ್ನು ಬಿಗಿಯಾಗಿ ಹಿಡಿಯುವ ಗಟ್ಟಿ ರೇಸಿಂಗ್ ಸೀಟು ಹೋಗಿ, ಕಾರಿನ ಜೊತೆ ಬಂದಿದ್ದ ಹಳೆಯ ಸೀಟು ಮತ್ತೆ ಬಂದಿತ್ತು. ಅದರ ಮೇಲೊಂದು ದಪ್ಪ ಫೋಮಿನ ದಿಂಬು. ಕತ್ತರಿಯಿಂದ ಕೊರೆದು ಕೊರೆದು ನಡುವೆ ಕುಳಿ ಮಾಡಿದ್ದರು, ಎಡಗಡೆ ಸೊಂಟ ತಾಗುವಲ್ಲಿ ಇನ್ನೂ ಆಳವಾಗಿ. ಮೇಲುಹೊದಿಕೆ ಅಕ್ಕನ ಹಳೆಯ ನೀಲಿ ಯುಕಾತ ನಿಲುವಂಗಿಯ ಬಟ್ಟೆ. ಹೊಲಿಗೆ ಸೊಟ್ಟಪಟ್ಟ, ಗಂಡಸಿನ ಕೈಯದು. ಕತ್ಸುಮಿ ಆ ಕುಳಿಯ ಮೇಲೆ ಅಂಗೈ ಇಟ್ಟು ಒತ್ತಿದ. ಒತ್ತಿದ ಕೈಯನ್ನು ಸ್ವಲ್ಪ ಹೊತ್ತು ಎತ್ತಲಿಲ್ಲ.

ಹೊರಗೆ ಬಂದು ಕೈಬಟ್ಟೆಯಲ್ಲಿ ಕೈ ಒರೆಸತೊಡಗಿದ. ಬಹಳ ಹೊತ್ತು ಒರೆಸಿದ.

"ನಿಮ್ಮ ಸೊಂಟಕ್ಕಲ್ಲ" ಎಂದ ಕೊನೆಗೆ.

ಹಿಸನೋರಿ ಒಲೆಯ ಕಡೆ ನೋಡುತ್ತ ಕೂತಿದ್ದ. "ಅಲ್ಲ."

"ಅವತ್ತು ಅವಳು ಕಾರಿಂದ ಇಳಿಯದೆ ಇದ್ದದ್ದು..."

"ಇಳಿಯೋಕೆ ಆಗ್ತಿರಲಿಲ್ಲ. ಇಲ್ಲಿಗೆ ಬರೋ ದಾರೀಲೇ ಎರಡು ಕಡೆ ನಿಲ್ಲಿಸ್ಕೊಂಡು ಬಂದೆ. ಒಂದೊಂದು ಕುಲುಕಿಗೂ ತುಟಿ ಕಚ್ಚೋಳು. ಬಸ್ಸು ಬೇಡ, ಟ್ಯಾಕ್ಸಿ ಬೇಡ, ನಮ್ಮ ಕಾರಲ್ಲೇ ಹೋಗೋಣ ಅಂತ ಹಟ ಅವಳದು."

"ನಾನು ದಪ್ಪ ಆಗಿದೀಯ ಅಂದೆ ಅವಳಿಗೆ. ಸೋಮಾರಿ ಅಂದೆ." ಕತ್ಸುಮಿಯ ದನಿ ಏರಿತು. "ನೀವು ಅಲ್ಲೇ ನಿಂತಿದ್ರಿ ಭಾವ. ನೋಡ್ತಾ ನಿಂತಿದ್ರಿ. ಬಾಯಿ ಮುಚ್ಚೋ ಕತ್ಸುಮಿ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ?"

"ಅವಳು ಬೇಡ ಅಂದಿದ್ಲು."

"ನಾನು ಅವಳ ತಮ್ಮ. ಅಮ್ಮ ಕೆಲಸಕ್ಕೆ ಹೋದಾಗ ಬೆನ್ನಿಗೆ ಕಟ್ಕೊಂಡು ಶಾಲೆಗೆ ಕರ್ಕೊಂಡು ಹೋದೋಳು ಅವಳು ನನ್ನ. ಅವಳು ಬೇಡ ಅಂದ್ಲು ಅಂತ ನೀವು ಸುಮ್ನಿದ್ಬಿಟ್ರಾ?"

"ಸುಮ್ನಿರಲಿಲ್ಲ. ಜಗಳ ಆಡಿದೆ. ಅವತ್ತು ಇಲ್ಲಿಂದ ಹೋಗ್ತಾನೂ ಆಡಿದೆ. ವಾಪಸ್ ತಿರುಗಿಸ್ತೀನಿ, ಈಗಲೇ ಹೋಗಿ ಅವನಿಗೆ ಹೇಳೋಣ ಅಂದೆ." ಹಿಸನೋರಿ ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡ. "ಅವಳು ನಗ್ತಾ ಇದ್ಲು. ನೋಡಿದ್ರಾ, ಕತ್ಸುಮಿ ಇನ್ನೂ ನನ್ನ ಬೈತಾನೆ ಅಂದ್ಲು. ಡಾಕ್ಟರು ಮೆಲ್ಲಗೆ ಮಾತಾಡ್ತಾರೆ, ಪಕ್ಕದ ಮನೆಯವರು ಮೆಲ್ಲಗೆ ಮಾತಾಡ್ತಾರೆ, ಈಗ ನೀವೂ ಶುರು ಹಚ್ಕೊಂಡಿದೀರ. ಅವನೊಬ್ಬನಾದ್ರೂ ಉಳೀಲಿ. ಅವನಿಗೆ ಹೇಳಿಬಿಟ್ರೆ ನನ್ನ ಬೈಯೋರು ಯಾರಿದಾರೆ ಅಂದ್ಲು. ಅದಕ್ಕೆ ನಾನು ಏನು ಹೇಳ್ಲಿ?"

ಹೊರಗೆ ರಸ್ತೆಯಲ್ಲಿ ಸೀಮೆಎಣ್ಣೆ ಮಾರುವ ಗಾಡಿ ತನ್ನ ಹಾಡು ಹಾಕಿಕೊಂಡು ಮೆಲ್ಲಗೆ ದಾಟಿಹೋಯಿತು.

ಕತ್ಸುಮಿ ಸ್ಪ್ಯಾನರ್ ತೆಗೆದುಕೊಂಡು ಎಡಚಕ್ರದ ಬಳಿ ಕೂತ. ಬ್ರೇಕಿನ ಪೈಪನ್ನು ಬಿಡಿಸಿದ. ಕೆಳಗಿನ ಎರಡು ದೊಡ್ಡ ಬೋಲ್ಟುಗಳು ಬಿಗಿಯಾಗಿದ್ದವು, ಮೈಭಾರವೆಲ್ಲ ಹಾಕಿ ಸಡಿಲಿಸಬೇಕಾಯಿತು. ಮೂಗಿನಿಂದ ನೀರು ಸುರಿಯುತ್ತಿತ್ತು, ತೋಳಿನಿಂದ ಒರೆಸಿಕೊಂಡ. ಇನ್ನು ಮೇಲಿನ ನಟ್ಟುಗಳು. ಅವನ್ನು ಬಿಚ್ಚುವಾಗ ಕೆಳಗಿನಿಂದ ಯಾರಾದರೂ ಹಿಡಿದುಕೊಳ್ಳದಿದ್ದರೆ ಸ್ಪ್ರಿಂಗು ಸಮೇತ ಅಷ್ಟೂ ಭಾರ ಕೆಳಗೆ ಬೀಳುತ್ತದೆ. ಸಾಮಾನ್ಯವಾಗಿ ಅವನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬಿಚ್ಚುತ್ತಿದ್ದ. ಇವತ್ತು ಸ್ಪ್ಯಾನರ್ ಎರಡು ಸಲ ನಟ್ಟಿನಿಂದ ಜಾರಿತು.

"ಬಂದು ಹಿಡ್ಕೊಳ್ಳಿ" ಎಂದ.

ಹಿಸನೋರಿ ಕೋಟು ತೆಗೆದು ಕುರ್ಚಿಯ ಮೇಲಿಟ್ಟು ಬಂದ. ನೆಲಕ್ಕೆ ಮಂಡಿಯೂರಿ ಎರಡೂ ಕೈಗಳಿಂದ ಸ್ಪ್ರಿಂಗನ್ನು ಅಪ್ಪಿ ಹಿಡಿದ. ಕತ್ಸುಮಿ ಮೇಲಿನಿಂದ ಒಂದೊಂದೇ ನಟ್ಟು ಬಿಚ್ಚಿದ. ಕೊನೆಯದು ಬಂದಾಗ, "ಬರ್ತಾ ಇದೆ" ಎಂದ. "ಬರ್ಲಿ, ಹಿಡಿದಿದೀನಿ" ಎಂದ ಭಾವ.

ಬೆಂಚಿನ ಮೇಲೆ ಸ್ಪ್ರಿಂಗನ್ನು ಅದುಮಿ ಹಿಡಿದು ತಲೆಯ ನಟ್ಟು ತೆಗೆದಾಗ ರಬ್ಬರ್ ಬುಷ್ಷು ಕೈಗೆ ಬಂತು. ಇನ್ನೂ ಹೊಸದರಂತೆಯೇ ಇತ್ತು. ಅದರ ಜಾಗದಲ್ಲಿ ಪ್ಲೇಟು ಕೂರಿಸುತ್ತ ಕತ್ಸುಮಿ ಕೇಳಿದ, "ಎಷ್ಟು ಒಳಕ್ಕೆ ಇಡ್ಲಿ?"

"ಮೊದಲು ಎಲ್ಲಿತ್ತೋ ಅಲ್ಲಿಗೇ."

"ಟ್ರ್ಯಾಕಿಗೆ ಹೋಗ್ತೀರಾ ಮತ್ತೆ?"

"ಗೊತ್ತಿಲ್ಲ."

"ಹೋಗದೆ ಇದ್ರೆ ಇದು ಯಾಕೆ? ಟೈರು ಒಳಗಡೆ ಸವೆಯುತ್ತೆ ಅಷ್ಟೇ."

ಹಿಸನೋರಿ ಬುಷ್ಷನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಅದರ ಮೇಲಿನ ಧೂಳು ಒರೆಸುತ್ತಿದ್ದ. "ಕಾರೊಳಗೆ ಸದ್ದೇ ಇಲ್ಲ ಕತ್ಸುಮಿ" ಎಂದ. "ನಾನೇ ಮಾಡಿಸಿದ್ದು. ಅವಳಿರೋವಾಗ ಅಷ್ಟು ಸದ್ದಿಲ್ಲದ್ದು ಒಳ್ಳೇದೇ ಆಗಿತ್ತು. ಈಗ ಒಬ್ಬನೇ ಕೂತ್ರೆ, ಎಲ್ಲಿಗೂ ಹೋಗ್ತಾನೇ ಇಲ್ವೇನೋ ಅನ್ಸುತ್ತೆ."

ಬಲಗಡೆಯದನ್ನು ಇಬ್ಬರೂ ಸೇರಿ ಮುಗಿಸಿದರು. ಕತ್ಸುಮಿ ಕೈ ಚಾಚಿದರೆ ಭಾವ ಬೇಕಾದ ಸ್ಪ್ಯಾನರನ್ನು ಕೊಡುತ್ತಿದ್ದ, ಒಮ್ಮೊಮ್ಮೆ ಬೇರೆಯದನ್ನು. "ಇದಲ್ಲ, ಹದಿನೇಳು." "ಇದಾ?" "ಕನ್ನಡಕ ಹಾಕ್ಕೊಳ್ಳಿ ಭಾವ." ಎರಡೂ ಕಡೆ ಒಂದೇ ಗೀಟಿಗೆ ತಂದು ಬಿಗಿಮಾಡಿ, ಮೇಲಿನ ತಿರುಪುಗಳನ್ನು ಗಡುಸಿನ ಕಡೆಗೆ ತಿರುಗಿಸಿ, ಟೈರಿಗೆ ಗಾಳಿ ತುಂಬಿ, ಚಕ್ರಗಳ ನೇರ ನೋಡಿ ಕಾರನ್ನು ಕೆಳಗಿಳಿಸಿದರು. ಮುಂದಿನ ಚಕ್ರಗಳು ಒಳಮುಖವಾಗಿ ವಾಲಿಕೊಂಡು, ಕಾರು ಕಾಲು ಅಗಲಿಸಿ ನಿಂತ ಹಾಗೆ ಕಂಡಿತು.

ಯಾಯೊಯಿ ಟೀ ಮತ್ತು ಕಿತ್ತಳೆ ತಂದಳು. ನಾಲ್ಕೂ ಕೈಗಳು ಮಸಿಯಾಗಿದ್ದುದನ್ನು ನೋಡಿ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. "ಊಟಕ್ಕಿರಿ ಅಣ್ಣ" ಎಂದಳು. "ಓಡೆನ್ ಸಾರು ಇಟ್ಟಿದೀನಿ. ಮೂಲಂಗಿ ಬೇಯ್ತಾ ಇದೆ."

ಹಿಸನೋರಿ ಕತ್ಸುಮಿಯ ಮುಖ ನೋಡಿದ.

"ಮೊದಲು ಒಂದು ಸುತ್ತು ಹೋಗಿ ನೋಡ್ಕೊಂಡು ಬರೋಣ" ಎಂದ ಕತ್ಸುಮಿ. "ಬರೋ ಹೊತ್ತಿಗೆ ಬೆಂದಿರುತ್ತೆ."

ಪಕ್ಕದ ಸೀಟಿನ ದಿಂಬನ್ನು ತೆಗೆದು ಹಿಂದೆ ಇಡಲೆಂದು ಕೈ ಹಾಕಿದವನು, ಮನಸ್ಸು ಬದಲಿಸಿ ಅದರ ಮೇಲೆಯೇ ಕೂತ. ಕುಳಿ ಅವನ ಮೈಗೆ ಹೊಂದಲಿಲ್ಲ. ಹಿಸನೋರಿ ಕಾರನ್ನು ರಸ್ತೆಗೆ ತಂದ. ಲೋಹ ತನ್ನ ಕೆಲಸ ಶುರುಮಾಡಿತು. ಜಲ್ಲಿಯ ಕಿರಿಕಿರಿ, ಟೈರಿನ ಮೊರೆತ, ತೇಪೆ ಹಾಕಿದ ಡಾಂಬರಿನ ಟಕಟಕ ಎಲ್ಲ ನೆಲದಿಂದ ನೇರ ಒಳಗೆ ಬಂದವು. ಮುಂದೆ ರಸ್ತೆ ಖಾಲಿಯಿತ್ತು. ಗದ್ದೆಗಳ ಆಚೆ ಸುಕುಬಾ ಬೆಟ್ಟದ ಎರಡು ಶಿಖರಗಳು ಬಿಸಿಲಿಗೆ ನಿಚ್ಚಳವಾಗಿದ್ದವು.

"ಒತ್ತಿ ಭಾವ" ಎಂದ ಕತ್ಸುಮಿ. "ಇಲ್ಲಿ ಯಾರೂ ಇಲ್ಲ."

ಹಿಸನೋರಿ ತಲೆಯಾಡಿಸಿದ. ಆದರೆ ಕಾರು ವೇಗ ಹಿಡಿಯಲಿಲ್ಲ. ನಡುರಸ್ತೆಯ ಮ್ಯಾನ್‌ಹೋಲಿನ ಮುಚ್ಚಳವೊಂದು ಬಂತು, ಅವನು ದೂರದಿಂದಲೇ ಸ್ಟೇರಿಂಗ್ ಒಂದಿಷ್ಟು ತಿರುಗಿಸಿ ಅದನ್ನು ಎರಡೂ ಚಕ್ರದ ನಡುವೆ ಬಿಟ್ಟ. ಶಾಲೆಯ ಮುಂದೆ ಟಾರು ಕಿತ್ತಿದ್ದ ಜಾಗ ಕತ್ಸುಮಿಯ ಕಣ್ಣಿಗೆ ಬೀಳುವ ಮೊದಲೇ ಕಾರು ಅಂಚಿಗೆ ಸರಿದು ದಾಟಿತು. ಆಸ್ಪತ್ರೆಗೆ ಹೋಗುವ ದಾರಿಯೂ ಇದೇ, ಎಲ್ಲಿ ಏನಿದೆ ಎಂಬುದೆಲ್ಲ ಹಿಸನೋರಿಗೆ ಬಾಯಿಪಾಠವಾಗಿತ್ತು. ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ತಾನು ಏನು ಮಾಡುತ್ತಿದ್ದೇನೆಂಬುದು ಅವನಿಗೇ ತಿಳಿದಂತಿರಲಿಲ್ಲ.

ಕಿನು ಹೊಳೆಯ ಸೇತುವೆ ಬಂತು. ದಡ ಮುಗಿದು ಸೇತುವೆ ಶುರುವಾಗುವಲ್ಲಿ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿಯಿತ್ತು. ಅಷ್ಟು ದೂರದಿಂದಲೇ ಹಿಸನೋರಿ ಬ್ರೇಕು ಒತ್ತಿ, ಗೇರು ಇಳಿಸಿ, ಕಾರನ್ನು ನಡೆಯುವ ವೇಗಕ್ಕೆ ತಂದ. ಗೇರಿನ ಮೇಲಿದ್ದ ಅವನ ಎಡಗೈ ಮೇಲೆದ್ದು, ಪಕ್ಕಕ್ಕೆ ಚಾಚಿ, ಕತ್ಸುಮಿಯ ಎದೆಯ ಮುಂದೆ ಅಡ್ಡಲಾಗಿ ನಿಂತಿತು, ಮುಟ್ಟದೆ.

ಮುಂದಿನ ಚಕ್ರಗಳು ಪಟ್ಟಿ ದಾಟಿದವು, ಆಮೇಲೆ ಹಿಂದಿನವು. ಹಿಂದೆ ಬಂದು ಸೇರಿದ ತರಕಾರಿ ಲಾರಿಯವನು ಹಾರ್ನ್ ಮಾಡದೆ ಅದೇ ವೇಗದಲ್ಲಿ ಬರುತ್ತಿದ್ದ. ಕತ್ಸುಮಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗದೆ, ಎದುರಿನ ರಸ್ತೆಯನ್ನು ನೋಡುತ್ತ ಕೂತ. ಸೇತುವೆಯ ಆ ತುದಿಯಲ್ಲಿ ಇನ್ನೊಂದು ಪಟ್ಟಿಯಿತ್ತು.