ಸಂಕದ ಕಾವಲಿನವರು

ಬಾಳೂರಿನ ಮೇಲಿನ ಆ ಎಸ್ಟೇಟಿನಲ್ಲಿ ಆಳುಗಳ ಮನೆಗಳಿದ್ದ ಕೂಲಿಲೈನು ಹಳ್ಳದ ಈಚೆಗಿತ್ತು, ಕಾಫಿತೋಟವೆಲ್ಲ ಆಚೆಗಿತ್ತು. ನಡುವೆ ಎರಡು ದಿಮ್ಮಿ ಜೋಡಿಸಿ ಕಟ್ಟಿದ ಸಂಕ. ಬೇಸಿಗೆಯಲ್ಲಿ ಅದರ ಕೆಳಗೆ ಮಕ್ಕಳು ಏಡಿ ಹಿಡಿಯುತ್ತಿದ್ದರು. ಆಷಾಢ ಬಂತೆಂದರೆ ಅದೇ ಹಳ್ಳ ಬಂಡೆಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಸಾವಿರದ ಒಂಬೈನೂರ ಮೂವತ್ತೇಳರ ಮಳೆಗಾಲದಲ್ಲಿ ಒಂದೇ ತಿಂಗಳಲ್ಲಿ ಇಬ್ಬರು ಕೊಚ್ಚಿಹೋದರು. ಅವರಲ್ಲಿ ಒಬ್ಬಳು ಲೈನಿನ ಆಳು ಭೂತಯ್ಯನ ಹಿರಿಯ ಮಗಳು ಅಣ್ಣಮ್ಮ. ತಲೆಯ ಮೇಲೆ ಗೊಬ್ಬರದ ಬುಟ್ಟಿಯಿತ್ತು. ಹಿಂದೆಯೇ ಬರುತ್ತಿದ್ದ ತಂಗಿ ತಂಗಮ್ಮ ನೋಡನೋಡುತ್ತಿದ್ದಂತೆ ಅಕ್ಕನ ಕಾಲು ಜಾರಿತು. ತಂಗಮ್ಮನ ಕೈಗೆ ಸಿಕ್ಕಿದ್ದು ಬುಟ್ಟಿ ಮಾತ್ರ.

ಮರುವರ್ಷ ಮಳೆಗೆ ಮುಂಚೆ ತೋಟದ ಧಣಿ ರುದ್ರಪ್ಪಗೌಡರು ಲೈನಿನ ಹುಡುಗ ಹುಡುಗಿಯರನ್ನೆಲ್ಲ ಗೋದಾಮಿನ ಮುಂದೆ ಕರೆಸಿದರು. ಚಿಕ್ಕಮಗಳೂರು ಪೇಟೆಯಲ್ಲಿ ಕೇರಿಯೊಂದಕ್ಕೆ ಬೆಂಕಿ ಬಿದ್ದಾಗ ಶಾಲೆಯ ಹುಡುಗರೇ ಸಾಲಾಗಿ ನಿಂತು ನೀರು ಸಾಗಿಸಿದ್ದನ್ನು ಅವರು ಕಣ್ಣಾರೆ ಕಂಡು ಬಂದಿದ್ದರು. ಅದು ಅವರ ಮನಸ್ಸಿಗೆ ಹಿಡಿಸಿಬಿಟ್ಟಿತ್ತು.

"ದೊಡ್ಡೋರಿಗೆ ಹೇಳಿ ಹೇಳಿ ಸಾಕಾಯ್ತು. ಇನ್ಮೇಲೆ ಸಂಕದ ಕಾವಲು ನಿಮ್ದು. ಯಾರು ದಾಟ್ಬೇಕು, ಯಾವಾಗ ದಾಟ್ಬೇಕು, ನೀವೇ ಹೇಳಿ. ನಿಮ್ಮ ಮಾತಿಗೆ ನಾನಿದ್ದೀನಿ."

ಹುಚ್ಚಮ್ಮನ ಮಗ ಗುರುವಯ್ಯ ತಲೆ ಕೆರೆದುಕೊಂಡು ಕೇಳಿದ: "ಗೌಡ್ರೆ, ಗಟ್ಟಿ ಸೇತುವೆ ಒಂದು ಕಟ್ಟಿಸಿದ್ರೆ ಕಾವಲೇ ಬೇಡ ಅಲ್ವಾ?"

ಗೌಡರು ನಕ್ಕರು. "ಕಟ್ಟಿಸೋಣ ಮಾರಾಯ. ಬರೋ ವರ್ಷ ನೋಡೋಣ."

ಆರು ಜನರ ಪಡೆಯಾಯಿತು. ಮುಂದಾಳು ಯಾರು ಎಂದಾಗ ಎಲ್ಲರೂ ತಂಗಮ್ಮನ ಕಡೆ ನೋಡಿದರು. ಹದಿನೆಂಟರ ಹುಡುಗಿ. ಅಕ್ಕ ಹೋದಮೇಲೆ ಆ ಹಳ್ಳವನ್ನು ಅವಳಷ್ಟು ನೋಡಿದವರು ಲೈನಿನಲ್ಲಿ ಇರಲಿಲ್ಲ. ನೀರು ಕೆಂಪಗಾದರೆ ಮೇಲೆ ಎಲ್ಲಿ ಮಳೆಯಾಗಿದೆ, ಸದ್ದು ಬದಲಾದರೆ ಎಷ್ಟು ಹೊತ್ತಿಗೆ ಏರುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಗೌಡರು ಅವಳ ಕೈಗೆ ಒಂದು ಸೀಟಿಯನ್ನೂ ಒಂದು ಕೆಂಪು ಬಟ್ಟೆಯನ್ನೂ ಕೊಟ್ಟರು.

ಪಡೆಯವರು ಕಾಡಿಗೆ ಹೋಗಿ ಬೆತ್ತ ತಂದು ಸಂಕದ ಎರಡೂ ಬದಿಗೆ ಕೈಹಗ್ಗ ಕಟ್ಟಿದರು. ನೀರಿನಂಚಿಗೆ ಒಂದು ಮತ್ತಿಮರದ ಗೂಟ ನೆಟ್ಟು ಅದರಲ್ಲಿ ಮೂರು ಕಚ್ಚು ಕೊರೆದರು. ನೀರು ಮೊದಲ ಕಚ್ಚಿಗೆ ಬಂದರೆ ತಲೆಹೊರೆ ಹೊತ್ತು ದಾಟುವಂತಿಲ್ಲ. ಎರಡನೆಯದಕ್ಕೆ ಬಂದರೆ ಮಕ್ಕಳು, ಬಸುರಿಯರು ದಾಟುವಂತಿಲ್ಲ. ಮೂರನೆಯದು ಮುಳುಗಿದರೆ ಕೆಂಪು ಬಟ್ಟೆ ಏರುತ್ತದೆ, ಯಾರೂ ದಾಟುವಂತಿಲ್ಲ.

ಮೊದಲ ವಾರ ಎಲ್ಲರೂ ನಗಾಡಿದರು. ಬಟ್ಟೆ ಏರಿಸಿದ ದಿನ ಭೂತಯ್ಯನೇ ಮಗಳ ಮೇಲೆ ರೇಗಿದ. "ನಿನ್ನ ಹುಟ್ಟಿಸಿದ್ದು ನಾನು ಕಣೆ. ನಂಗೇ ದಾಟ್ಬೇಡ ಅಂತೀಯಾ?"

"ಹೌದು ಅಪ್ಪ. ನಿಂಗೇ."

ಅವನು ಗೊಣಗುತ್ತ ಬಂಡೆಯ ಮೇಲೆ ಕುಳಿತ. ಬೀಡಿ ಸೇದಿ ಮುಗಿಸುವಷ್ಟರಲ್ಲಿ ಬೇರುಸಮೇತ ಒಂದು ಹಲಸಿನ ಮರ ತೇಲಿಬಂದು ಸಂಕವನ್ನು ಸವರಿಕೊಂಡು ಕೈಹಗ್ಗ ಕಿತ್ತುಕೊಂಡು ಹೋಯಿತು. ಆಮೇಲೆ ಯಾರೂ ಗೊಣಗಲಿಲ್ಲ. ಬೆಳಗ್ಗೆ ಎದ್ದವರು ಮೊದಲು ತಂಗಮ್ಮನ ಮುಖ ನೋಡುತ್ತಿದ್ದರು. ಗೌಡರು ಬಂಗಲೆಗೆ ಬಂದ ನೆಂಟರನ್ನೆಲ್ಲ ಹಳ್ಳದ ತನಕ ಕರೆತಂದು, "ನೋಡಿ, ನಮ್ಮ ಎಸ್ಟೇಟಿನ ಹುಡುಗರು" ಎಂದು ತೋರಿಸುತ್ತಿದ್ದರು. ಆರು ವಾರ ಒಬ್ಬರೂ ನೀರಿಗೆ ಬೀಳಲಿಲ್ಲ. ತಂಗಮ್ಮನಿಗೆ ಒಂದೊಂದು ಸಂಜೆ ಅಕ್ಕನ ನೆನಪು ಬಂದರೂ ಎದೆ ಹಿಂಡುತ್ತಿರಲಿಲ್ಲ.

ಏಳನೆಯ ವಾರ ಕಳಸದ ಕಡೆಯ ತೋಟವೊಂದರಿಂದ ಕಾಫಿಸಸಿಗಳು ಬಂದವು. ನೆಡುವವರು ದಾಟಲಾಗದೆ ಎರಡು ದಿನ ಆಚೆಯ ತೋಟದಲ್ಲಿ ಬುಟ್ಟಿಯಲ್ಲೇ ಉಳಿದವು. ಮೂರನೆಯ ಬೆಳಗ್ಗೆ ಮಳೆ ಬಿಟ್ಟಿರಲಿಲ್ಲ, ಮೂರನೆಯ ಕಚ್ಚು ಕಾಣುತ್ತಿರಲಿಲ್ಲ. ತಂಗಮ್ಮ ಸೀಟಿ ಊದಿ ಬಟ್ಟೆ ಏರಿಸಿದಳು. ಕಂಬಳಿ ಹೊದ್ದ ಆಳುಗಳು ದಡದಲ್ಲಿ ನಿಂತರು.

ಬಂಗಲೆಯ ದಾರಿಯಿಂದ, ತೋಟದ ಲೆಕ್ಕ ಬರೆಯುವ ರೈಟರ್ ಏಕಾಂತಪ್ಪ ಕೊಡೆ ಹಿಡಿದು ಕೂಗಿದ. "ಏನೇ ಅದು? ಇಳಿಸು ಬಟ್ಟೆ! ಸಸಿ ಕೊಳೀತಾ ಇದೆ."

"ನೀರು ಮೇಲೆ ಬಂದಿದೆ ರೈಟ್ರೆ. ಮಧ್ಯಾಹ್ನ ನೋಡನ."

"ಮಧ್ಯಾಹ್ನ ನೋಡಕ್ಕೆ ನೀನ್ಯಾರು?"

ಅವಳು ಕದಲಲಿಲ್ಲ. ಏಕಾಂತಪ್ಪ ಬಂಗಲೆಗೆ ಓಡಿದ. ಸ್ವಲ್ಪ ಹೊತ್ತಿನಲ್ಲಿ ಗೌಡರೇ ಈಚೆ ದಡದ ದಾರಿಯಲ್ಲಿ ಇಳಿದುಬಂದರು. ಬಂಗಲೆಯೂ ಲೈನಿನ ಕಡೆಗೇ ಇತ್ತು, ಅವರೆಂದೂ ಆ ಸಂಕ ದಾಟಬೇಕಾಗಿರಲಿಲ್ಲ. ಅವರು ಬೈಯಲಿಲ್ಲ. ನೀರನ್ನು ನೋಡಿದರು, ಆಳುಗಳನ್ನು ನೋಡಿದರು.

"ತಂಗಮ್ಮಾ, ಸಂಕದ ಮೇಲೆ ನೀರು ಹತ್ತಿಲ್ಲ ಅಲ್ವಾ?"

"ಇನ್ನೂ ಹತ್ತಿಲ್ಲ ಗೌಡ್ರೆ. ಆದ್ರೆ ಮೇಲಿಂದ ಮರ ಬಂದ್ರೆ..."

"ಬಂದ್ರೆ ತಾನೆ? ನೀನು ಬುದ್ಧಿವಂತೆ. ಕಾವಲು ಅಂದ್ರೆ ತಡೆಯೋದಷ್ಟೇ ಅಲ್ಲ, ಹುಷಾರಾಗಿ ದಾಟಿಸೋದೂ ಕಾವಲೇ. ಒಬ್ಬೊಬ್ಬರನ್ನೇ ಬಿಡು. ನಿಮ್ಮೋರು ಹಗ್ಗ ಹಿಡ್ಕೊಳ್ಳಿ."

"ನೀವೇ ಹೇಳಿದ್ರಿ, ನಾವು ಹೇಳಿದ ಹಾಗೆ ಅಂತ."

ಗೌಡರ ಮುಖ ಬಿಗಿದುಕೊಂಡಿತು. "ಹೇಳಿದ್ದೆ. ಈಗ್ಲೂ ಬಲವಂತ ಮಾಡ್ತಿಲ್ಲ. ನೀನೇ ಯೋಚನೆ ಮಾಡು."

ಅವಳು ತಿರುಗಿ ಆಳುಗಳನ್ನು ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ದಾಟುವುದಿಲ್ಲ ಎಂದು ಯಾರಾದರೊಬ್ಬರು ಹೇಳಿದ್ದರೂ ಅವಳು ನಿಲ್ಲುತ್ತಿದ್ದಳು. ಯಾರೂ ಹೇಳಲಿಲ್ಲ. ಗುರುವಯ್ಯ ಹತ್ತಿರ ಬಂದು ಮೆಲ್ಲಗೆ ಅಂದ: "ಬಿಡು ಮಾರಾಯ್ತಿ. ನಾನು ಮಧ್ಯದಲ್ಲಿ ನಿಲ್ತೀನಿ. ಬೇಗ ದಾಟಿಸಿಬಿಡನ."

ತಂಗಮ್ಮ ತನ್ನ ಕೈಯಿಂದಲೇ ಕೆಂಪು ಬಟ್ಟೆ ಇಳಿಸಿದಳು.

ಇಪ್ಪತ್ತಮೂರು ಜನ ದಾಟಿದರು. ಹುಚ್ಚಮ್ಮ ಮಗನ ಪಕ್ಕದಿಂದ ಹಾಯುವಾಗ "ಕಂಬಳಿ ತೆಗೆದಿಡೋ, ಭಾರ" ಎಂದು ಗದರಿ ಹೋದಳು. ಇಪ್ಪತ್ತನಾಲ್ಕನೆಯವಳು ಗಿಡ್ಡಮ್ಮ, ಹೊಸದಾಗಿ ಮದುವೆಯಾಗಿ ಬಂದವಳು, ನಡುವೆ ಹೆದರಿ ನಿಂತುಬಿಟ್ಟಳು. ಅಷ್ಟರಲ್ಲಿ ಮೇಲೆ ಏನೋ ಮುರಿದ ಸದ್ದಾಯಿತು. ತಂಗಮ್ಮ ಸೀಟಿ ಊದಿದಳು. ಗುರುವಯ್ಯ ಗಿಡ್ಡಮ್ಮನ ಬೆನ್ನಿಗೆ ಎರಡೂ ಕೈ ಕೊಟ್ಟು ಆಚೆ ದಡಕ್ಕೆ ನೂಕಿದ. ಅವನು ತಿರುಗಿ ಹಗ್ಗ ಹಿಡಿಯುವ ಮೊದಲೇ ತೇಲಿಬಂದ ಮರವೊಂದು ಸಂಕಕ್ಕೆ ಬಡಿಯಿತು. ಹಗ್ಗ, ಸಂಕ, ಗುರುವಯ್ಯ ಎಲ್ಲ ಒಟ್ಟಿಗೇ ಹೋದವು. ಅವನು ಕೂಗಲೂ ಇಲ್ಲ. ತಂಗಮ್ಮ ದಡದ ಗುಂಟ ಓಡಿದಳು, ಮುಳ್ಳುಪೊದೆಗೆ ಸಿಕ್ಕಿ ಬಿದ್ದಳು, ಎದ್ದು ಮತ್ತೆ ಓಡಿದಳು. ಮೂರನೆಯ ದಿನ ಎರಡು ಮೈಲಿ ಕೆಳಗೆ ಬಿದಿರುಮೆಳೆಯಲ್ಲಿ ಅವನ ಹೆಣ ಸಿಕ್ಕಿತು.

ನೀರು ಇಳಿದು ಆಳುಗಳೆಲ್ಲ ಈಚೆ ಬಂದಮೇಲೆ ಪಟೇಲರು ಮಹಜರಿಗೆ ಬಂದರು. ಏಕಾಂತಪ್ಪ ಸ್ಪಷ್ಟವಾಗಿ ಹೇಳಿದ: "ಸಂಕದ ಜವಾಬ್ದಾರಿ ಪೂರಾ ಹುಡುಗರ ಪಡೇದು ಸ್ವಾಮಿ. ಬಟ್ಟೆ ಇಳಿಸಿ ಬಿಟ್ಟೋಳು ಇವಳೇ. ಎಲ್ರೂ ನೋಡಿದಾರೆ."

"ಹೌದೇನಮ್ಮ? ನೀನೇ ಇಳಿಸಿದ್ಯಾ?"

"ಹೌದು," ಎಂದಳು ತಂಗಮ್ಮ. "ಗೌಡ್ರು ಬಂದಿದ್ರು..."

"ಗೌಡ್ರು ಇಳಿಸು ಅಂದ್ರಾ?"

ಅವಳು ಯೋಚಿಸಿದಳು. ಆ ಮಾತನ್ನು ಅವರು ಆಡಿರಲಿಲ್ಲ. ಗೋದಾಮಿನ ಕಂಬದ ಮರೆಯಲ್ಲಿ ನಿಂತಿದ್ದ ಅಪ್ಪನನ್ನು ನೋಡಿದಳು. ದಾಟಿದ ಇಪ್ಪತ್ತನಾಲ್ಕು ಜನರನ್ನೂ ನೋಡಿದಳು. ಯಾರೂ ತುಟಿ ಬಿಚ್ಚಲಿಲ್ಲ. ಪಟೇಲರು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು.

ರುದ್ರಪ್ಪಗೌಡರು ನಿಜಕ್ಕೂ ನೊಂದಿದ್ದರು. ಎರಡು ದಿನ ಊಟ ಬಿಟ್ಟರೆಂದು ಬಂಗಲೆಯ ಅಡುಗೆಯವಳು ಹೇಳಿದಳು. ಆಮೇಲೆ ಪಡೆಯವರನ್ನು ಕರೆಸಿ, "ಹುಡುಗರ ಕೈಗೆ ಇಂಥಾ ಕೆಲಸ ಕೊಟ್ಟಿದ್ದು ನನ್ನದೇ ತಪ್ಪು. ಇನ್ನು ಬೇಡ" ಎಂದರು. ಸೀಟಿಯನ್ನು ವಾಪಸು ತೆಗೆದುಕೊಂಡರು. ಹೊಸ ಸಂಕಕ್ಕೆ ಎರಡು ದಿಮ್ಮಿ ಹಾಕಿಸಿದರು, ಹಳೆಯದರಂತೆಯೇ. ಕೈಹಗ್ಗ ಕಟ್ಟುವವರು ಇರಲಿಲ್ಲ.

ಹುಚ್ಚಮ್ಮ ಒಂದು ತಿಂಗಳು ತಂಗಮ್ಮನ ಮನೆಯ ಕಡೆ ಬರಲಿಲ್ಲ. ಒಂದು ದಿನ ನೀರಿಗೆ ಹೋಗುವಾಗ ಎದುರಾಗಿ, ಬಿಂದಿಗೆ ಕೆಳಗಿಟ್ಟು, ಜಗಳದ ದನಿಯೇ ಇಲ್ಲದೆ ಕೇಳಿದಳು.

"ದಾಟ್ಬಾರ್ದು ಅಂತ ನಿಂಗೆ ಗೊತ್ತಿತ್ತಲ್ಲ ಮಗಳೆ. ಗೌಡ್ರಿಗೆ ಗೊತ್ತಿರ್ಲಿಲ್ಲ, ನಮಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು. ಯಾಕೆ ಬಿಟ್ಟೆ?"

ತಂಗಮ್ಮ ಬಗ್ಗಿ ಬಿಂದಿಗೆ ಎತ್ತಿಕೊಡಹೋದಳು. ಹುಚ್ಚಮ್ಮ ಅವಳ ಕೈ ಸರಿಸಿದಳು. ಬಿಂದಿಗೆ ಎತ್ತಿಕೊಂಡು ಹೋದಳು.

ದೀಪಾವಳಿ ಕಳೆದಮೇಲೆ ಭೂತಯ್ಯ ಸಂಸಾರವನ್ನು ಜಾವಳಿ ಊರಿಗೆ ಕರೆದೊಯ್ದ. ಪಾಪಮ್ಮನೆಂಬ ವಿಧವೆಯ ಗದ್ದೆಯಲ್ಲಿ ಕೆಲಸ. ಮರುವರ್ಷದ ನಾಟಿಯ ಹೊತ್ತಿಗೆ ಊರ ಕೆರೆ ತುಂಬಿತ್ತು. ಏರಿಯ ಮಣ್ಣು ಸಡಿಲವಾಗಿತ್ತು, ಮಕ್ಕಳು ದಿನವಿಡೀ ಅಲ್ಲೇ ಆಡುತ್ತಿದ್ದರು. ಪಾಪಮ್ಮನಿಗೆ ಬಾಳೂರಿನ ಕತೆ ಅರ್ಧ ಮಾತ್ರ ತಿಳಿದಿತ್ತು.

"ಅಲ್ಲಿ ಹುಡುಗರನ್ನ ಕಟ್ಕೊಂಡು ಕಾವಲು ಮಾಡ್ತಿದ್ಯಂತಲ್ಲ ತಂಗಮ್ಮಾ," ಎಂದು ಒಂದು ಬೆಳಗ್ಗೆ ಗದ್ದೆಯ ಬದುವಿನಲ್ಲಿ ನಿಂತು ಕೇಳಿದಳು. "ಇಲ್ಲೂ ನಾಲ್ಕು ಹುಡುಗರಿದಾರೆ. ನೀನು ಹೇಳಿಕೊಟ್ರೆ ಕೆರೆ ಹತ್ರ ಸರದಿ ನಿಲ್ತಾರೆ. ನಿನ್ನ ಮಾತಿಗೆ ಅಡ್ಡ ಬರೋರು ಯಾರೂ ಇಲ್ಲ ಇಲ್ಲಿ."

ತಂಗಮ್ಮ ಭತ್ತದ ಸಸಿಯ ಕಟ್ಟು ಬಿಚ್ಚುತ್ತಿದ್ದಳು.

"ನನ್ನ ಕೈಲಾಗಲ್ಲ ಅಮ್ಮಾ. ಬೇರೆ ಯಾರಿಗಾದ್ರೂ ಹೇಳಿ."

"ಬೇರೆ ಯಾರಿದಾರೆ ಮಾರಾಯ್ತಿ?"

ಅವಳು ಸಸಿ ಹಿಡಿದು ಕೆಸರಿಗಿಳಿದಳು. ಆ ದಿನವಿಡೀ ಬೆನ್ನು ಕೆರೆಯ ಕಡೆಗೆ ಇರುವಂಥ ಸಾಲನ್ನೇ ಹಿಡಿದು ನಾಟಿ ಮಾಡಿದಳು.